ಲೀನಿಯರ್ ವೋಲ್ಟೇಜ್ ರೆಗ್ಯುಲೇಟರ್‌ನಲ್ಲಿ ಪ್ರವಾಹ ಮಿತಿ

ಪ್ರವಾಹ ಮಿತಿ ಎಂಬುದು ಟ್ರಾನ್ಸಿಸ್ಟರ್ ಬಳಸಿ ಕಟ್ಟಿದ ಲೀನಿಯರ್ ವೋಲ್ಟೇಜ್ ರೆಗ್ಯುಲೇಟರ್‌ಗೆ ಸೇರಿಸುವ ರಕ್ಷಣಾ ಮಂಡಲ; ಲೋಡ್ ಎಷ್ಟೇ ಎಳೆದರೂ, ಹೊರತುದಿಗಳು ನೇರವಾಗಿ ಶಾರ್ಟ್ ಆದರೂ, ಹೊರಹೋಗುವ ವಿದ್ಯುತ್ ಪ್ರವಾಹ ಮೊದಲೇ ಗೊತ್ತುಮಾಡಿದ ಮೌಲ್ಯವನ್ನು ದಾಟದಂತೆ ಅದು ತಡೆಯುತ್ತದೆ. ರಿಪೇರಿ ಅಂಗಡಿಗಳಲ್ಲೂ ಕಾಲೇಜು ಪ್ರಯೋಗಾಲಯಗಳಲ್ಲೂ ‘ಕರೆಂಟ್ ಲಿಮಿಟ್’ ಎಂಬ ಹೆಸರೇ ಬಳಕೆಯಲ್ಲಿದೆ. ಸರಳ ರೂಪದಲ್ಲಿ ಇದಕ್ಕೆ ಬೇಕಾಗುವುದು ಒಂದು ಸಣ್ಣ ಟ್ರಾನ್ಸಿಸ್ಟರ್ ಮತ್ತು ಒಂದು ರೋಧಕ, ಅಷ್ಟೇ. ಆದರೆ ಈ ಮಂಡಲ ಹಿಡಿತದಲ್ಲಿಡುವುದು ಪ್ರವಾಹವನ್ನು. ಟ್ರಾನ್ಸಿಸ್ಟರನ್ನು ಸುಡುವುದು ಶಾಖ. ಪ್ರವಾಹ ಹತೋಟಿಯಲ್ಲಿದ್ದರೂ ಶಾಖ ಮೇರೆ ಮೀರುವ ಸಂದರ್ಭಗಳು ಇರುವುದರಿಂದಲೇ ಮಿತಿ ಮಂಡಲದಲ್ಲಿ ಹಲವು ಬಗೆಗಳು ಬೆಳೆದುಬಂದಿವೆ.

ಪಾರಿಭಾಷಿಕ ಪದಗಳು

ಈ ಲೇಖನದಲ್ಲಿ ಒಳಬರುವ ವೋಲ್ಟೇಜಿಗೂ ಲೋಡಿಗೂ ನಡುವೆ ಕುಳಿತು ಇಡೀ ಪ್ರವಾಹವನ್ನು ಹೊರುವ ಟ್ರಾನ್ಸಿಸ್ಟರನ್ನು ಸರಣಿ ಟ್ರಾನ್ಸಿಸ್ಟರ್ ಎಂದೂ, ಪ್ರವಾಹವನ್ನು ಅಳೆಯಲು ಅದರ ಜೊತೆ ಸೇರಿಸುವ ಚಿಕ್ಕ ಮೌಲ್ಯದ ರೋಧಕವನ್ನು ಸಂವೇದಿ ರೋಧಕ ಎಂದೂ, ಆ ರೋಧಕದ ಮೇಲೆ ಕಣ್ಣಿಟ್ಟಿರುವ ಸಣ್ಣ ಟ್ರಾನ್ಸಿಸ್ಟರನ್ನು ಕಾವಲು ಟ್ರಾನ್ಸಿಸ್ಟರ್ ಎಂದೂ ಕರೆಯಲಾಗಿದೆ. ಮಿತಿ ತಲುಪಿದ ಮೇಲೂ ಪ್ರವಾಹ ಹೆಚ್ಚುಕಡಿಮೆ ಅದೇ ಮೌಲ್ಯದಲ್ಲಿ ನಿಲ್ಲುವ ಬಗೆ ಸ್ಥಿರ ಮಿತಿ. ಹೊರವೋಲ್ಟೇಜ್ ಕುಸಿದಂತೆ ಪ್ರವಾಹವೂ ಹಿಂದೆ ಸರಿಯುವ ಬಗೆ ಹಿಂಮಡಿಕೆ ಮಿತಿ. ಇದನ್ನು ಎಲೆಕ್ಟ್ರಾನಿಕ್ಸ್ ಪುಸ್ತಕಗಳು ಫೋಲ್ಡ್‌ಬ್ಯಾಕ್ ಎನ್ನುತ್ತವೆ. ಟ್ರಾನ್ಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿದರೆ ಬರುವ, ವ್ಯಾಟ್‌ಗಳಲ್ಲಿ ಅಳೆಯುವ ಮೊತ್ತ ಶಾಖವ್ಯಯ.

ರೆಗ್ಯುಲೇಟರಿನ ರಚನೆ ಮತ್ತು ಅಪಾಯದ ಮೂಲ

ಲೀನಿಯರ್ ರೆಗ್ಯುಲೇಟರಿನಲ್ಲಿ ಸರಣಿ ಟ್ರಾನ್ಸಿಸ್ಟರ್ ತನ್ನಷ್ಟಕ್ಕೆ ತಾನೇ ಬದಲಾಗುವ ರೋಧಕದಂತೆ ಕೆಲಸ ಮಾಡುತ್ತದೆ. ಒಳಗೆ ಬರುವ ವೋಲ್ಟೇಜ್ ಹೆಚ್ಚಿದ್ದಷ್ಟನ್ನೂ ತನ್ನ ಮೇಲೆ ಹಾಕಿಕೊಂಡು ಲೋಡಿಗೆ ನಿಗದಿತ ವೋಲ್ಟೇಜನ್ನಷ್ಟೇ ಬಿಡುತ್ತದೆ. ಅತಿ ಸರಳ ಮಂಡಲದಲ್ಲಿ ಜೀನರ್ ಡಯೋಡ್ ಬೇಸ್ ತುದಿಯ ವೋಲ್ಟೇಜನ್ನು ಹಿಡಿದಿಡುತ್ತದೆ, ಎಮಿಟರ್ ಅದನ್ನು ಸುಮಾರು 0.65 ವೋಲ್ಟ್ ಕೆಳಗಿನಿಂದ ಹಿಂಬಾಲಿಸುತ್ತದೆ. ಸುಧಾರಿತ ಮಂಡಲದಲ್ಲಿ ವ್ಯತ್ಯಾಸ ವರ್ಧಕವೊಂದು ಹೊರವೋಲ್ಟೇಜಿನ ಒಂದು ಪಾಲನ್ನು ಆಧಾರ ವೋಲ್ಟೇಜಿನೊಂದಿಗೆ ಹೋಲಿಸಿ ಬೇಸ್ ಪ್ರವಾಹವನ್ನು ಏರಿಳಿಸುತ್ತದೆ.

ಒಂದು ಉದಾಹರಣೆಯನ್ನು ಲೇಖನದ ಉದ್ದಕ್ಕೂ ಇಟ್ಟುಕೊಳ್ಳಬಹುದು. 15 ವೋಲ್ಟ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ರೆಕ್ಟಿಫೈಯರ್, ದೊಡ್ಡ ಫಿಲ್ಟರ್ ಕೆಪಾಸಿಟರ್. ಇವುಗಳಿಂದ ಸುಮಾರು 20 ವೋಲ್ಟ್ ಡಿಸಿ ಸಿಗುತ್ತದೆ. ಇದರಿಂದ 12 ವೋಲ್ಟ್, 1 ಆಂಪಿಯರ್ ಪಡೆಯಬೇಕು. ಸರಳ ಮಂಡಲದಲ್ಲಿ ಬೇಸ್ ತುದಿಗೆ 13 ವೋಲ್ಟಿನ ಜೀನರ್, ಒಳತುದಿಯಿಂದ ಬೇಸ್‌ಗೆ 220 ಓಮ್ ರೋಧಕ. ಆ ರೋಧಕದಲ್ಲಿ ಹರಿಯುವುದು 32 ಮಿಲಿಆಂಪಿಯರ್. ಸರಣಿ ಟ್ರಾನ್ಸಿಸ್ಟರಿನ ವರ್ಧನೆ 40 ಎಂದು ಹಿಡಿದರೆ 1 ಆಂಪಿಯರ್‌ಗೆ 25 ಮಿಲಿಆಂಪಿಯರ್ ಸಾಕು. ಉಳಿದದ್ದು ಜೀನರ್ ಪಾಲು. ಎಲ್ಲವೂ ಸರಿಯಾಗಿಯೇ ಇದೆ.

ಈಗ ಹೊರತುದಿಗಳು ಶಾರ್ಟ್ ಆದವು ಎನ್ನೋಣ. ಎಮಿಟರ್ ಶೂನ್ಯಕ್ಕೆ ಇಳಿಯುತ್ತದೆ, ಬೇಸ್ 0.7 ವೋಲ್ಟಿಗೆ ಇಳಿಯುತ್ತದೆ, ಜೀನರ್ ಆರಿಹೋಗುತ್ತದೆ. 220 ಓಮ್ ರೋಧಕದ ಮೇಲೆ ಈಗ 19.3 ವೋಲ್ಟ್ ಬೀಳುವುದರಿಂದ ಬೇಸ್ ಪ್ರವಾಹ 88 ಮಿಲಿಆಂಪಿಯರ್‌ಗೆ ಏರುತ್ತದೆ. ಅಂದರೆ ಟ್ರಾನ್ಸಿಸ್ಟರನ್ನು ಮುಚ್ಚಬೇಕಾದ ಗಳಿಗೆಯಲ್ಲೇ ಮಂಡಲ ಅದನ್ನು ಇನ್ನಷ್ಟು ತೆರೆಯುತ್ತದೆ. ಅದೇ 40ರ ವರ್ಧನೆಗೆ ಕಲೆಕ್ಟರ್ ಪ್ರವಾಹ 3.5 ಆಂಪಿಯರ್, ಶಾಖವ್ಯಯ ಸುಮಾರು 70 ವ್ಯಾಟ್. ವ್ಯತ್ಯಾಸ ವರ್ಧಕ ಇರುವ ಮಂಡಲದಲ್ಲಿ ಪರಿಸ್ಥಿತಿ ಇದಕ್ಕಿಂತ ಕಠಿಣ; ಹೊರವೋಲ್ಟೇಜ್ ಬಿದ್ದುದನ್ನು ಕಂಡ ವರ್ಧಕ ಅದನ್ನು ಮೇಲೆತ್ತಲು ತನ್ನಲ್ಲಿರುವ ಪ್ರವಾಹವನ್ನೆಲ್ಲ ಬೇಸ್‌ಗೆ ಸುರಿಯುತ್ತದೆ.

ಫ್ಯೂಸ್ ಇದಕ್ಕೆ ಪರಿಹಾರವಲ್ಲ. 1 ಆಂಪಿಯರ್‌ನ ಸಾಮಾನ್ಯ ಫ್ಯೂಸ್ ಎರಡು ಪಟ್ಟು ಪ್ರವಾಹವನ್ನೂ ಸೆಕೆಂಡುಗಟ್ಟಲೆ ತಾಳಬಲ್ಲದು. ಟ್ರಾನ್ಸಿಸ್ಟರಿನ ಒಳಗಿರುವ ಸಿಲಿಕಾನ್ ತುಣುಕು ಕೆಲವೇ ಮಿಲಿಸೆಕೆಂಡುಗಳಲ್ಲಿ ಕಾದುಹೋಗುತ್ತದೆ. ಫ್ಯೂಸನ್ನು ಉಳಿಸಲು ಟ್ರಾನ್ಸಿಸ್ಟರ್ ಪ್ರಾಣ ಬಿಡುತ್ತದೆ ಎಂಬ ಮಾತು ರಿಪೇರಿ ಬೆಂಚುಗಳಲ್ಲಿ ತಮಾಷೆಯಾಗಿ ಉಳಿದಿರುವುದು ಇದರಿಂದಲೇ. ಕೆಟ್ಟ ಸರಣಿ ಟ್ರಾನ್ಸಿಸ್ಟರ್ ಬಹುಪಾಲು ಕಲೆಕ್ಟರಿನಿಂದ ಎಮಿಟರಿಗೆ ಶಾರ್ಟ್ ಆಗಿಬಿಡುತ್ತದೆ; ಆಗ 12 ವೋಲ್ಟಿನ ಉಪಕರಣಕ್ಕೆ 20 ವೋಲ್ಟೂ ಸೇರಿಹೋಗುತ್ತದೆ.

ಹಿನ್ನೆಲೆ

ಟ್ರಾನ್ಸಿಸ್ಟರ್ 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಳ್ಳುವ ಮೊದಲು ರೆಗ್ಯುಲೇಟರುಗಳಲ್ಲಿ ಸರಣಿ ಸ್ಥಾನದಲ್ಲಿದ್ದುದು ವಾಲ್ವ್. ವಾಲ್ವಿನ ಲೋಹದ ತಟ್ಟೆ ದಪ್ಪ, ಕಾಯಲು ಸಮಯ ಬೇಕು. ಕ್ಯಾಥೋಡ್ ಹೊರಸೂಸುವ ಪ್ರವಾಹಕ್ಕೂ ಒಂದು ಸಹಜ ಮೇರೆ ಇದೆ. ಗಳಿಗೆಯ ಶಾರ್ಟ್ ಅದಕ್ಕೆ ಮಾರಕವಾಗುತ್ತಿರಲಿಲ್ಲ. ಆ ಸಹನೆ ಟ್ರಾನ್ಸಿಸ್ಟರಿಗೆ ಇಲ್ಲದ್ದರಿಂದ, ಟ್ರಾನ್ಸಿಸ್ಟರ್ ರೆಗ್ಯುಲೇಟರ್ ಬಳಕೆಗೆ ಬಂದ ಹೊತ್ತಿನಿಂದಲೇ ಪ್ರವಾಹ ಮಿತಿ ಅದರ ಅಂಗವಾಗಿ ಬೆಳೆಯಿತು.

ಭಾರತದಲ್ಲಿ ಟ್ರಾನ್ಸಿಸ್ಟರ್ ತಯಾರಿಕೆ 1960ರ ದಶಕದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿ ನಡೆಯುತ್ತಿತ್ತು. ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ತಲೆಮಾರುಗಳ ಕಾಲ ಕೈಗೆ ಸಿಗುತ್ತಿದ್ದ ಎಸ್‌ಎಲ್100 ಟ್ರಾನ್ಸಿಸ್ಟರೂ, ದೊಡ್ಡ ಪ್ರವಾಹಕ್ಕೆ ಬಳಸುವ 2ಎನ್3055 ಟ್ರಾನ್ಸಿಸ್ಟರೂ ಸೇರಿದರೆ ಈ ಲೇಖನದಲ್ಲಿ ವಿವರಿಸಿರುವ ಬಹುತೇಕ ಮಂಡಲಗಳನ್ನು ಕಟ್ಟಬಹುದು.

ಒಂದು ಟ್ರಾನ್ಸಿಸ್ಟರಿನ ಸ್ಥಿರ ಮಿತಿ

ಸರಣಿ ಟ್ರಾನ್ಸಿಸ್ಟರಿನ ಎಮಿಟರಿಗೂ ಹೊರತುದಿಗೂ ನಡುವೆ ಸಂವೇದಿ ರೋಧಕವನ್ನು ಇಡಲಾಗುತ್ತದೆ. ಕಾವಲು ಟ್ರಾನ್ಸಿಸ್ಟರಿನ ಬೇಸ್ ಈ ರೋಧಕದ ಎಮಿಟರ್ ಬದಿಗೆ, ಅದರ ಎಮಿಟರ್ ಹೊರತುದಿಗೆ, ಕಲೆಕ್ಟರ್ ಸರಣಿ ಟ್ರಾನ್ಸಿಸ್ಟರಿನ ಬೇಸ್‌ಗೆ ಸೇರುತ್ತವೆ. ಇಷ್ಟೇ ಜೋಡಣೆ.

ಪ್ರವಾಹ ಕಡಿಮೆ ಇರುವಾಗ ಸಂವೇದಿ ರೋಧಕದ ಮೇಲೆ ಬೀಳುವ ವೋಲ್ಟೇಜ್ ಕಾವಲು ಟ್ರಾನ್ಸಿಸ್ಟರನ್ನು ಎಬ್ಬಿಸಲು ಸಾಲದು. ಅದು ಇದ್ದೂ ಇಲ್ಲದಂತೆ ಇರುತ್ತದೆ. ಪ್ರವಾಹ ಏರಿ ಆ ವೋಲ್ಟೇಜ್ 0.65ರ ಸುಮಾರಿಗೆ ಬಂದಾಗ ಕಾವಲು ಟ್ರಾನ್ಸಿಸ್ಟರ್ ಪ್ರವಹಿಸತೊಡಗಿ, ಸರಣಿ ಟ್ರಾನ್ಸಿಸ್ಟರಿಗೆ ಹೋಗಬೇಕಾದ ಬೇಸ್ ಪ್ರವಾಹವನ್ನು ದಾರಿಯಲ್ಲೇ ಕಸಿದುಕೊಂಡು ನೇರವಾಗಿ ಹೊರತುದಿಗೆ ಸಾಗಿಸುತ್ತದೆ. ಲೋಡ್ ಇನ್ನೂ ಎಳೆದರೆ ಕಸಿಯುವ ಪಾಲೂ ಹೆಚ್ಚುತ್ತದೆ. ಹೀಗೆ ಹೊರವೋಲ್ಟೇಜ್ ಕುಸಿಯುತ್ತದೆಯೇ ಹೊರತು ಪ್ರವಾಹ ಏರುವುದಿಲ್ಲ.

ಲೆಕ್ಕ ನೇರವಾದದ್ದು. ಮಿತಿ ಪ್ರವಾಹ ಎಂದರೆ 0.65 ವೋಲ್ಟನ್ನು ಸಂವೇದಿ ರೋಧಕದ ಮೌಲ್ಯದಿಂದ ಭಾಗಿಸಿದ್ದು. 1 ಆಂಪಿಯರ್‌ಗೆ 0.65 ಓಮ್ ಬೇಕು. ಅಂಗಡಿಯಲ್ಲಿ ಸಿಗುವ ಹತ್ತಿರದ ಮೌಲ್ಯ 0.68 ಓಮ್, ಅದರಿಂದ ಮಿತಿ 0.96 ಆಂಪಿಯರ್. ಅದರಲ್ಲಿ ಸುಡುವುದು ಮುಕ್ಕಾಲು ವ್ಯಾಟಿಗಿಂತ ಕಡಿಮೆಯಾದರೂ 2 ವ್ಯಾಟಿನ ತಂತಿ ಸುತ್ತಿದ ರೋಧಕವನ್ನು ಹಾಕುವುದು ವಾಡಿಕೆ. ಶಾರ್ಟ್ ಆದಾಗ ಬೇಸ್ ತುದಿ 1.3 ವೋಲ್ಟಿನಲ್ಲಿ ನಿಲ್ಲುವುದರಿಂದ 220 ಓಮ್ ರೋಧಕ 85 ಮಿಲಿಆಂಪಿಯರ್ ಒದಗಿಸುತ್ತದೆ. ಸರಣಿ ಟ್ರಾನ್ಸಿಸ್ಟರಿಗೆ ಬೇಕಾದದ್ದು ಅದರಲ್ಲಿ 24. ಉಳಿದ 61 ಮಿಲಿಆಂಪಿಯರ್ ಕಾವಲು ಟ್ರಾನ್ಸಿಸ್ಟರಿನ ಪಾಲು. 100 ಮಿಲಿಆಂಪಿಯರ್ ತಾಳುವ ಬಿಸಿ547 ಇದಕ್ಕೆ ಸಾಕಾಗುತ್ತದೆ, ಎಸ್‌ಎಲ್100 ಆದರೆ ನಿರಾತಂಕ. ಅದರ ಮೇಲಿರುವ ವೋಲ್ಟೇಜ್ 1.3 ಮಾತ್ರವಾದ್ದರಿಂದ ಅದು ಬಿಸಿಯಾಗುವ ಪ್ರಶ್ನೆ ಬಾರದು.

ವ್ಯತ್ಯಾಸ ವರ್ಧಕದ ಮೂಲಕ ಫೀಡ್‌ಬ್ಯಾಕ್ ಇರುವ ರೆಗ್ಯುಲೇಟರಿನಲ್ಲಿ ಹೊರವೋಲ್ಟೇಜನ್ನು ಅಳೆಯುವ ತಂತಿ ಸಂವೇದಿ ರೋಧಕದ ಆಚೆ ಬದಿಯಿಂದ, ಅಂದರೆ ಲೋಡಿನ ಬದಿಯಿಂದ ಬರಬೇಕು. ಈಚೆ ಬದಿಯಿಂದ ತೆಗೆದರೆ ರೋಧಕದ ಮೇಲೆ ಬೀಳುವ 0.65 ವೋಲ್ಟ್ ಅಷ್ಟೂ ಹೊರವೋಲ್ಟೇಜಿನ ಕೊರತೆಯಾಗಿ ಕಾಣುತ್ತದೆ. ಜೀನರ್ ಮಾತ್ರ ಇರುವ ಸರಳ ಮಂಡಲದಲ್ಲಿ ಈ ಕೊರತೆ ತಪ್ಪಿದ್ದಲ್ಲ. ಅದರ ಹೊರವೋಲ್ಟೇಜ್ ಲೋಡ್ ಇಲ್ಲದಾಗ 12.35 ಇದ್ದು, ಪೂರ್ಣ ಲೋಡಿನಲ್ಲಿ 11.7ಕ್ಕೆ ಇಳಿಯುತ್ತದೆ.

ಈ ಮಂಡಲದ ದೊಡ್ಡ ದೌರ್ಬಲ್ಯ 0.65 ಎಂಬ ಅಂಕಿಯೇ. ಅದು ಸ್ಥಿರಾಂಕವಲ್ಲ, ತಾಪ ಒಂದು ಡಿಗ್ರಿ ಏರಿದಂತೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಕಾವಲು ಟ್ರಾನ್ಸಿಸ್ಟರ್ 50 ಡಿಗ್ರಿ ಕಾದರೆ 0.65 ಹೋಗಿ 0.55 ಆಗುತ್ತದೆ, ಮಿತಿ 0.96ರಿಂದ 0.81 ಆಂಪಿಯರ್‌ಗೆ ಜಾರುತ್ತದೆ. ಆದ್ದರಿಂದ ಅದನ್ನು ಹೀಟ್ ಸಿಂಕ್‌ನಿಂದ ದೂರ ಇಡುತ್ತಾರೆ. ಬೇಕೆಂದೇ ಹೀಟ್ ಸಿಂಕ್‌ಗೆ ಅಂಟಿಸುವವರೂ ಇದ್ದಾರೆ: ಹೀಟ್ ಸಿಂಕ್ ಕಾದಷ್ಟೂ ಮಿತಿ ತಾನಾಗಿ ಇಳಿಯುತ್ತದೆ, ಒರಟಾದ ಉಷ್ಣರಕ್ಷಣೆ ಬಿಟ್ಟಿಯಾಗಿ ಸಿಗುತ್ತದೆ. ಮಿತಿಯ ಅಂಚೂ ಚೂಪಾಗಿಲ್ಲ, 0.65ಕ್ಕೆ ಬಹಳ ಮೊದಲೇ ಕಾವಲು ಟ್ರಾನ್ಸಿಸ್ಟರ್ ಅಲ್ಪಸ್ವಲ್ಪ ಪ್ರವಹಿಸತೊಡಗುತ್ತದೆ. ಬೇಕಾದ ಗರಿಷ್ಠ ಪ್ರವಾಹಕ್ಕಿಂತ 20ರಿಂದ 30 ಶೇಕಡಾ ಮೇಲಕ್ಕೆ ಮಿತಿಯನ್ನು ಇಡುವುದು ಈ ಎರಡೂ ಕಾರಣಗಳಿಗಾಗಿ.

ಡಯೋಡ್ ಮಿತಿ

ಕಾವಲು ಟ್ರಾನ್ಸಿಸ್ಟರಿನ ಬದಲು, ಸರಣಿ ಟ್ರಾನ್ಸಿಸ್ಟರಿನ ಬೇಸ್‌ನಿಂದ ಹೊರತುದಿಗೆ ಎರಡು ಸಿಲಿಕಾನ್ ಡಯೋಡುಗಳನ್ನು ಸಾಲಾಗಿ ಹಾಕಿದರೂ ಹೆಚ್ಚುಕಡಿಮೆ ಅದೇ ಫಲ. ಒಂದು ಡಯೋಡಿನ ವೋಲ್ಟೇಜ್ ಸರಣಿ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟೇಜಿಗೆ ಸರಿಹೋಗುತ್ತದೆ, ಇನ್ನೊಂದರದ್ದು ಸಂವೇದಿ ರೋಧಕದ ಮೇಲೆ ಉಳಿಯುತ್ತದೆ. ಡಯೋಡಿಗೆ ವರ್ಧನೆ ಇಲ್ಲವಾದ್ದರಿಂದ ಮಿತಿಯ ಅಂಚು ಇನ್ನಷ್ಟು ಮೊಂಡು. ಎರಡು ಡಯೋಡುಗಳ ಜಾಗದಲ್ಲಿ ಒಂದು ಕೆಂಪು ಎಲ್‌ಇಡಿ ಹಾಕಿದರೆ ಓವರ್‌ಲೋಡ್ ಆದಾಗ ಅದು ಬೆಳಗುತ್ತದೆ ಎಂಬುದೊಂದು ಅನುಕೂಲ. ಆಗ ಲೆಕ್ಕದಲ್ಲಿ 0.65ರ ಬದಲು ಸುಮಾರು 1 ವೋಲ್ಟ್ ಹಿಡಿಯಬೇಕು.

ಶಾಖದ ಲೆಕ್ಕ

ಸ್ಥಿರ ಮಿತಿ ಹಾಕಿದ ಮಾತ್ರಕ್ಕೆ ರೆಗ್ಯುಲೇಟರ್ ಶಾರ್ಟನ್ನು ತಾಳುತ್ತದೆ ಎನ್ನುವಂತಿಲ್ಲ. ಉದಾಹರಣೆಯ ಮಂಡಲದಲ್ಲಿ ಪೂರ್ಣ ಲೋಡಿನಲ್ಲಿ ಸರಣಿ ಟ್ರಾನ್ಸಿಸ್ಟರಿನ ಮೇಲಿರುವ ವೋಲ್ಟೇಜ್ 7.65, ಪ್ರವಾಹ 0.96, ಶಾಖವ್ಯಯ 7.3 ವ್ಯಾಟ್. ಶಾರ್ಟ್ ಆದಾಗ ಪ್ರವಾಹ ಅಷ್ಟೇ ಇದ್ದರೂ ವೋಲ್ಟೇಜ್ 19.35ಕ್ಕೆ ಏರುವುದರಿಂದ ಶಾಖವ್ಯಯ 18.5 ವ್ಯಾಟ್. ಎರಡೂವರೆ ಪಟ್ಟು.

ಹೀಟ್ ಸಿಂಕ್‌ನ ಉಷ್ಣರೋಧ ಪ್ರತಿ ವ್ಯಾಟಿಗೆ 3 ಡಿಗ್ರಿ, ಸುತ್ತಲಿನ ತಾಪ 40 ಡಿಗ್ರಿ ಎಂದುಕೊಳ್ಳಬಹುದು. ಬೇಸಿಗೆಯ ಬಳ್ಳಾರಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಪೆಟ್ಟಿಗೆಯ ಒಳಗೆ ಇದು ಕಡಿಮೆ ಅಂದಾಜೇ. ಪ್ಲಾಸ್ಟಿಕ್ ಮೈಯ ಟಿಐಪಿ31 ಟ್ರಾನ್ಸಿಸ್ಟರಿಗೆ ಸಂಧಿಯಿಂದ ಮೈವರೆಗಿನ ಉಷ್ಣರೋಧ 3.1, ನಡುವಿನ ಅಭ್ರಕದ ಹಾಳೆಗೆ 1, ಒಟ್ಟು 7.1. ಪೂರ್ಣ ಲೋಡಿನಲ್ಲಿ ಸಂಧಿಯ ತಾಪ 92 ಡಿಗ್ರಿ, ಚಿಂತೆಯಿಲ್ಲ. ಶಾರ್ಟ್ ಮುಂದುವರಿದರೆ 171 ಡಿಗ್ರಿ. ಅದು ತಾಳಬಲ್ಲದ್ದು 150. ಪ್ರವಾಹ ಮಿತಿ ತನ್ನ ಕೆಲಸವನ್ನು ತಪ್ಪಿಲ್ಲದೆ ಮಾಡಿದರೂ ಟ್ರಾನ್ಸಿಸ್ಟರ್ ಉಳಿಯುವುದಿಲ್ಲ. ಅದೇ ಜಾಗಕ್ಕೆ ಲೋಹದ ಮೈಯ 2ಎನ್3055 ಹಾಕಿದರೆ ಒಟ್ಟು ಉಷ್ಣರೋಧ 5ಕ್ಕೆ ಇಳಿಯುತ್ತದೆ, ಸಂಧಿಯ ತಾಪ 133 ಡಿಗ್ರಿ. ಅದರ ಮೇರೆ 200 ಡಿಗ್ರಿಯಾದ್ದರಿಂದ ಇಡೀ ದಿನ ಶಾರ್ಟ್ ಆಗಿದ್ದರೂ ಸಹಿಸುತ್ತದೆ. 15 ಆಂಪಿಯರಿನ ಟ್ರಾನ್ಸಿಸ್ಟರನ್ನು 1 ಆಂಪಿಯರಿನ ಸಪ್ಲೈಗೆ ಬಳಸುವುದು ದುಂದಲ್ಲ ಎನ್ನುವುದಕ್ಕೆ ಈ ಲೆಕ್ಕವೇ ಸಮರ್ಥನೆ.

ಒಟ್ಟು ವ್ಯಾಟ್ ಮೇರೆಯೊಳಗಿದ್ದರೂ ಸಾಲದು. ಬೈಪೋಲಾರ್ ಟ್ರಾನ್ಸಿಸ್ಟರಿನಲ್ಲಿ ವೋಲ್ಟೇಜ್ ಹೆಚ್ಚಿದ್ದಾಗ ಪ್ರವಾಹ ಸಿಲಿಕಾನಿನ ಒಂದೇ ಚುಕ್ಕೆಯಲ್ಲಿ ಒಟ್ಟುಗೂಡಿ ಆ ಭಾಗ ಮಾತ್ರ ಸುಟ್ಟುಹೋಗುವ ದ್ವಿತೀಯಕ ಭಂಗ ಎಂಬ ವಿದ್ಯಮಾನವಿದೆ. ತಯಾರಕರು ಕೊಡುವ ಸುರಕ್ಷಿತ ಕಾರ್ಯವಲಯದ ನಕ್ಷೆಯಲ್ಲಿ ಶಾರ್ಟ್ ಆದಾಗಿನ ವೋಲ್ಟೇಜ್ ಮತ್ತು ಪ್ರವಾಹಗಳ ಬಿಂದು ಗೆರೆಯ ಒಳಗೆ ಬೀಳುತ್ತದೆಯೇ ಎಂದು ನೋಡಬೇಕು. ಒಳವೋಲ್ಟೇಜ್ 40 ಅಥವಾ 50 ಇರುವ ಸಪ್ಲೈಗಳಲ್ಲಿ ಇದೇ ನಿರ್ಣಾಯಕ.

ಹಿಂಮಡಿಕೆ ಮಿತಿ

ಶಾರ್ಟ್ ಆದಾಗ ಪ್ರವಾಹವನ್ನು ಪೂರ್ಣ ಲೋಡಿನ ಮಟ್ಟದಲ್ಲಿ ಹಿಡಿದಿಡುವ ಅಗತ್ಯವೇನೂ ಇಲ್ಲ. ಇನ್ನೂ ಕೆಳಗಿಳಿಸಿದರೆ ಶಾಖವೂ ಇಳಿಯುತ್ತದೆ. ಹಿಂಮಡಿಕೆ ಮಿತಿಯ ಹಿಂದಿರುವ ವಿಚಾರ ಇದು. ಜೋಡಣೆಯಲ್ಲಿ ಬದಲಾಗುವುದು ಒಂದೇ ಕಡೆ: ಕಾವಲು ಟ್ರಾನ್ಸಿಸ್ಟರಿನ ಬೇಸ್ ನೇರವಾಗಿ ಸರಣಿ ಟ್ರಾನ್ಸಿಸ್ಟರಿನ ಎಮಿಟರಿಗೆ ಸೇರದೆ, ಆ ಎಮಿಟರಿನಿಂದ ನೆಲಕ್ಕೆ ಹಾಕಿದ ಎರಡು ರೋಧಕಗಳ ವಿಭಾಜಕದ ನಡುತುದಿಗೆ ಸೇರುತ್ತದೆ.

ಹೊರವೋಲ್ಟೇಜ್ ಸರಿಯಾಗಿರುವಾಗ ವಿಭಾಜಕದ ಮೇಲಿನ ರೋಧಕದಲ್ಲಿ ಸ್ವಲ್ಪ ವೋಲ್ಟೇಜ್ ಕಳೆದುಹೋಗುವುದರಿಂದ ಕಾವಲು ಟ್ರಾನ್ಸಿಸ್ಟರ್ ಎಚ್ಚರಗೊಳ್ಳಲು ಸಂವೇದಿ ರೋಧಕದ ಮೇಲೆ 0.65ಕ್ಕಿಂತ ಬಹಳ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಹೊರವೋಲ್ಟೇಜ್ ಕುಸಿದಂತೆ ಆ ಕಳೆತವೂ ಕುಗ್ಗುತ್ತದೆ, ಮಿತಿಯೂ ಅದರ ಜೊತೆ ಇಳಿಯುತ್ತದೆ. ಮೇಲಿನ ರೋಧಕವನ್ನು ಕೆಳಗಿನದರಿಂದ ಭಾಗಿಸಿದ ಅನುಪಾತ ತಿಳಿದರೆ ಎರಡೂ ಪ್ರವಾಹಗಳು ಸಿಗುತ್ತವೆ. ಶಾರ್ಟ್ ಪ್ರವಾಹಕ್ಕೆ, 0.65ನ್ನು ಒಂದು ಕೂಡಿಸಿದ ಅನುಪಾತದಿಂದ ಗುಣಿಸಿ ಸಂವೇದಿ ರೋಧಕದಿಂದ ಭಾಗಿಸಬೇಕು. ಗರಿಷ್ಠ ಪ್ರವಾಹಕ್ಕೆ, ಹೊರವೋಲ್ಟೇಜನ್ನು ಅನುಪಾತದಿಂದ ಗುಣಿಸಿ ಸಂವೇದಿ ರೋಧಕದಿಂದ ಭಾಗಿಸಿ ಬಂದದ್ದನ್ನು ಅದಕ್ಕೆ ಕೂಡಿಸಬೇಕು.

ಉದಾಹರಣೆಯ 12 ವೋಲ್ಟ್ ಸಪ್ಲೈಯನ್ನು ಈಗ ಫೀಡ್‌ಬ್ಯಾಕ್ ಇರುವ ರೂಪದಲ್ಲಿ ತೆಗೆದುಕೊಂಡು, ಸಂವೇದಿ ರೋಧಕ 1.8 ಓಮ್, ವಿಭಾಜಕದ ಮೇಲಿನದು 91 ಓಮ್, ಕೆಳಗಿನದು 1 ಕಿಲೋಓಮ್ ಎಂದಿಟ್ಟರೆ ಗರಿಷ್ಠ ಪ್ರವಾಹ 1 ಆಂಪಿಯರ್, ಶಾರ್ಟ್ ಪ್ರವಾಹ 0.39 ಆಂಪಿಯರ್. ಸರಣಿ ಟ್ರಾನ್ಸಿಸ್ಟರಿನ ಶಾಖವ್ಯಯ ಪೂರ್ಣ ಲೋಡಿನಲ್ಲಿ 6.2 ವ್ಯಾಟ್, ಶಾರ್ಟ್ ಆದಾಗ 7.6 ವ್ಯಾಟ್. 18.5 ವ್ಯಾಟ್ ಇದ್ದುದು ಅರ್ಧಕ್ಕಿಂತ ಕೆಳಗೆ ಬಂದಿದೆ.

ಆದರೆ ಅತಿ ಹೆಚ್ಚಿನ ಶಾಖ ಹುಟ್ಟುವುದು ಈ ಎರಡು ತುದಿಗಳಲ್ಲಿ ಅಲ್ಲ, ನಡುವೆ. ಹೊರವೋಲ್ಟೇಜ್ 5ರ ಸುಮಾರಿಗೆ ಇಳಿದಾಗ ಪ್ರವಾಹ ಇನ್ನೂ 0.65 ಆಂಪಿಯರ್ ಇರುತ್ತದೆ, ಟ್ರಾನ್ಸಿಸ್ಟರಿನ ಮೇಲೆ ಆಗಲೇ 13.8 ವೋಲ್ಟ್ ಬಿದ್ದಿರುತ್ತದೆ; ಗುಣಿಸಿದರೆ 9 ವ್ಯಾಟ್. ಪೂರ್ತಿ ಶಾರ್ಟ್ ಆದದ್ದಕ್ಕಿಂತ ಅರೆಬರೆ ಓವರ್‌ಲೋಡ್ ಹೆಚ್ಚು ಕಷ್ಟದ್ದು. ಹೀಟ್ ಸಿಂಕನ್ನು ಆರಿಸಬೇಕಾದದ್ದು ಈ 9 ವ್ಯಾಟಿಗೆ. ಆಗಲೂ ಟಿಐಪಿ31ರ ಸಂಧಿ 104 ಡಿಗ್ರಿಯಲ್ಲೇ ನಿಲ್ಲುತ್ತದೆ.

ಈ ಅನುಕೂಲಕ್ಕೆ ತೆರಬೇಕಾದ ಬೆಲೆ ಎರಡು. ಮೊದಲನೆಯದು, ಸಂವೇದಿ ರೋಧಕದ ಮೇಲೆ ಪೂರ್ಣ ಲೋಡಿನಲ್ಲಿ 1.8 ವೋಲ್ಟ್ ಬೀಳುತ್ತದೆ. ಒಳವೋಲ್ಟೇಜಿನಲ್ಲಿ ಅಷ್ಟು ಹೆಚ್ಚುವರಿ ಇಟ್ಟುಕೊಳ್ಳಬೇಕು. ಶಾರ್ಟ್ ಪ್ರವಾಹವನ್ನು ಇನ್ನೂ ಇಳಿಸಹೊರಟಷ್ಟೂ ಈ ರೋಧಕ ದೊಡ್ಡದಾಗುತ್ತ ಹೋಗುತ್ತದೆ. ಎರಡನೆಯದು ಇನ್ನೂ ಗಂಭೀರ: ಕೆಲವು ಲೋಡುಗಳನ್ನು ಇಂಥ ಸಪ್ಲೈ ಶುರುಮಾಡಿಸಲಾರದು. ಹೊರವೋಲ್ಟೇಜ್ ಎಷ್ಟೇ ಇರಲಿ 0.5 ಆಂಪಿಯರ್ ಎಳೆಯುವ ಲೋಡ್ ಇದ್ದರೆ, ಶೂನ್ಯದಲ್ಲಿ 0.39 ಮಾತ್ರ ಕೊಡುವ ಸಪ್ಲೈ ಅಲ್ಲಿಯೇ ಸಿಕ್ಕಿಬೀಳುತ್ತದೆ. 12 ವೋಲ್ಟಿನಲ್ಲಿ 1 ಆಂಪಿಯರ್ ಕೊಡುವ ಶಕ್ತಿ ಇದ್ದರೂ ಅಲ್ಲಿಗೆ ಏರಲಾರದು. 6 ವ್ಯಾಟಿನ ಡಿಸಿ-ಡಿಸಿ ಪರಿವರ್ತಕ 12 ವೋಲ್ಟಿನಲ್ಲಿ ಎಳೆಯುವುದು ಅರ್ಧ ಆಂಪಿಯರ್. ಆದರೆ ಅದು 5 ವೋಲ್ಟಿಗೇ ಎಚ್ಚರಗೊಳ್ಳುವಂಥದ್ದಾದರೆ ಆಗ ಕೇಳುವುದು 1.2 ಆಂಪಿಯರ್, ಸಿಗುವುದು 0.65. ವೋಲ್ಟೇಜ್ ಕುಸಿಯುತ್ತದೆ, ಪರಿವರ್ತಕ ಆರುತ್ತದೆ, ಮತ್ತೆ ಏಳುತ್ತದೆ, ಮತ್ತೆ ಆರುತ್ತದೆ. ಧನ ಮತ್ತು ಋಣ ಸಪ್ಲೈಗಳ ನಡುವೆ ಲೋಡ್ ಇದ್ದಾಗಲೂ ಒಂದು ಇನ್ನೊಂದನ್ನು ಕೆಳಗೆ ಒತ್ತಿಹಿಡಿಯುವ ಇದೇ ತೊಂದರೆ ಕಾಣಿಸುತ್ತದೆ. ಲೋಡ್ ಯಾವುದೆಂದು ಮೊದಲೇ ಗೊತ್ತಿರುವ ಉಪಕರಣದೊಳಗೆ ಹಿಂಮಡಿಕೆ ಒಪ್ಪುತ್ತದೆ. ಯಾರು ಏನನ್ನು ಜೋಡಿಸುತ್ತಾರೋ ತಿಳಿಯದ ಪ್ರಯೋಗಾಲಯದ ಸಪ್ಲೈಗೆ ಅದು ಹೊಂದದು.

ಹೊಂದಿಸಬಲ್ಲ ಮಿತಿ

ಪ್ರಯೋಗಾಲಯದ ಸಪ್ಲೈಯಲ್ಲಿ ಮಿತಿಯನ್ನು ಗುಂಡಿ ತಿರುಗಿಸಿ ಬದಲಿಸುವಂತಿರಬೇಕು. ಅದಕ್ಕಾಗಿ 0.65ರ ಅವಲಂಬನೆಯನ್ನು ಬಿಟ್ಟು ಆಪ್‌ಆಂಪ್ ಬಳಸುತ್ತಾರೆ. ಹಿಂದಿರುಗುವ ತಂತಿಯಲ್ಲಿ ಅರ್ಧ ಓಮಿನ ಸಂವೇದಿ ರೋಧಕ ಇಟ್ಟು, ಅದರ ಮೇಲಿನ ವೋಲ್ಟೇಜನ್ನು ಪೊಟೆನ್ಶಿಯೋಮೀಟರ್ ಕೊಡುವ 0ಯಿಂದ 0.5 ವೋಲ್ಟಿನೊಂದಿಗೆ ಹೋಲಿಸಿದರೆ ಮಿತಿ 0ಯಿಂದ 1 ಆಂಪಿಯರ್‌ವರೆಗೆ ಸಿಗುತ್ತದೆ. ವೋಲ್ಟೇಜಿಗೆ ಒಂದು, ಪ್ರವಾಹಕ್ಕೆ ಒಂದು, ಹೀಗೆ ಎರಡು ಆಪ್‌ಆಂಪುಗಳು ಡಯೋಡುಗಳ ಮೂಲಕ ಸರಣಿ ಟ್ರಾನ್ಸಿಸ್ಟರಿನ ಬೇಸ್‌ಗೆ ಸೇರುತ್ತವೆ. ಯಾವುದು ಕಡಿಮೆ ಕೇಳುತ್ತದೋ ಅದರ ಮಾತೇ ನಡೆಯುತ್ತದೆ. ಸಪ್ಲೈಯ ಮುಖದಲ್ಲಿ ಸಿವಿ (ಸ್ಥಿರ ವೋಲ್ಟೇಜ್) ಎಂದೂ ಸಿಸಿ (ಸ್ಥಿರ ಪ್ರವಾಹ) ಎಂದೂ ಬರೆದಿರುವ ಎರಡು ದೀಪಗಳು ಆ ಹೊತ್ತಿನಲ್ಲಿ ಯಾವುದರ ಆಡಳಿತವಿದೆ ಎಂದು ತಿಳಿಸುತ್ತವೆ. ಸ್ಥಿರ ಪ್ರವಾಹದಲ್ಲಿ ಚೂಪಾಗಿ ನಿಲ್ಲುವ ಇಂಥ ಸಪ್ಲೈ ಬ್ಯಾಟರಿ ಚಾರ್ಜ್ ಮಾಡಲಿಕ್ಕೂ ಎಲ್‌ಇಡಿ ಪರೀಕ್ಷೆಗೂ ಒದಗುತ್ತದೆ.

ಐಸಿಗಳಲ್ಲಿ ಪ್ರವಾಹ ಮಿತಿ

ಬಿಡಿ ಭಾಗಗಳ ಈ ಮಂಡಲವೇ ಐಸಿಗಳ ಒಳಗೂ ಹೊಕ್ಕಿದೆ. ಡೇವ್ ಫುಲ್ಲಗರ್ ಫೇರ್‌ಚೈಲ್ಡ್ ಸಂಸ್ಥೆಯಲ್ಲಿ ರೂಪಿಸಿ 1968ರಲ್ಲಿ ಹೊರಬಂದ 741 ಆಪ್‌ಆಂಪಿನ ಹೊರಹಂತದಲ್ಲಿ ಸುಮಾರು 25 ಓಮಿನ ಸಂವೇದಿ ರೋಧಕವೂ ಕಾವಲು ಟ್ರಾನ್ಸಿಸ್ಟರೂ ಇವೆ. 0.65ನ್ನು 25ರಿಂದ ಭಾಗಿಸಿದರೆ ಬರುವ 26 ಮಿಲಿಆಂಪಿಯರ್, ಅದರ ಮಾಹಿತಿಪತ್ರದಲ್ಲಿರುವ ಶಾರ್ಟ್ ಪ್ರವಾಹದ 25 ಮಿಲಿಆಂಪಿಯರ್‌ಗೆ ತೀರ ಹತ್ತಿರ.

723 ರೆಗ್ಯುಲೇಟರ್ ಐಸಿಯಲ್ಲಿ ಕಾವಲು ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ಎರಡನ್ನೂ ಪ್ರತ್ಯೇಕ ಪಿನ್ನುಗಳಿಗೆ ತರಲಾಗಿದೆ. ಸಂವೇದಿ ರೋಧಕವನ್ನು ನೇರ ಜೋಡಿಸಿದರೆ ಸ್ಥಿರ ಮಿತಿ, ವಿಭಾಜಕದ ಮೂಲಕ ಜೋಡಿಸಿದರೆ ಹಿಂಮಡಿಕೆ ಮಿತಿ. ಐಸಿ ತಾನಾಗಿ ಕೊಡುವುದು 150 ಮಿಲಿಆಂಪಿಯರ್. ಅದಕ್ಕಿಂತ ಹೆಚ್ಚಿಗೆ ಹೊರಗೊಂದು ಸರಣಿ ಟ್ರಾನ್ಸಿಸ್ಟರ್ ಬೇಕು. ವಿದ್ಯಾರ್ಥಿಗೆ ಈ ವಿಷಯ ಕಲಿಸಲು ಇಷ್ಟು ತೆರೆದ ಮನಸ್ಸಿನ ಐಸಿ ಬೇರೊಂದಿಲ್ಲ.

ನ್ಯಾಷನಲ್ ಸೆಮಿಕಂಡಕ್ಟರ್‌ನಲ್ಲಿ ರಾಬರ್ಟ್ ವಿಡ್ಲರ್ ರೂಪಿಸಿದ ಎಲ್‌ಎಂ109 ಮೂರು ಕಾಲಿನ ರೆಗ್ಯುಲೇಟರಿನಲ್ಲಿ ಪ್ರವಾಹ ಮಿತಿಯ ಜೊತೆ ಉಷ್ಣರಕ್ಷಣೆಯೂ ಸೇರಿತು. ಸಿಲಿಕಾನ್ ಅತಿಯಾಗಿ ಕಾದರೆ ಅದು ಹೊರವೋಲ್ಟೇಜನ್ನೇ ನಿಲ್ಲಿಸುತ್ತದೆ. ಪ್ರವಾಹವನ್ನು ನೋಡುವ ಮಂಡಲ ಶಾಖವನ್ನು ಊಹಿಸುತ್ತದೆ, ಇದು ಶಾಖವನ್ನೇ ಅಳೆಯುತ್ತದೆ. ರಾಬರ್ಟ್ ಡಾಬ್ಕಿನ್ ರೂಪಿಸಿದ ಎಲ್‌ಎಂ317ರಲ್ಲಿ ಮೂರನೆಯ ಕಾವಲೂ ಇದೆ: ಒಳಹೊರಗಿನ ವೋಲ್ಟೇಜ್ ಅಂತರ 15ರೊಳಗಿದ್ದರೆ ಕನಿಷ್ಠ 1.5 ಆಂಪಿಯರ್ ಬಿಡುವ ಐಸಿ, ಅಂತರ 40 ವೋಲ್ಟಾದಾಗ ಸಾಮಾನ್ಯವಾಗಿ 0.4 ಆಂಪಿಯರ್‌ಗೆ ಇಳಿಯುತ್ತದೆ. ಸುರಕ್ಷಿತ ಕಾರ್ಯವಲಯದ ಗೆರೆಯನ್ನು ಅದು ತನ್ನೊಳಗೇ ಬರೆದುಕೊಂಡಂತಾಯಿತು.

ಎಲ್‌ಎಂ317ನ್ನೇ ಪ್ರವಾಹ ಮಿತಿಯಾಗಿಯೂ ಬಳಸಬಹುದು. ಅದರ ಹೊರಕಾಲಿಗೂ ಹೊಂದಾಣಿಕೆಯ ಕಾಲಿಗೂ ನಡುವೆ ಸದಾ 1.25 ವೋಲ್ಟ್ ಇರುವುದರಿಂದ ಅಲ್ಲಿ 1.25 ಓಮ್ ಇಟ್ಟರೆ 1 ಆಂಪಿಯರಿನ ಮಿತಿ. ಅದರ ಮುಂದೆ ವೋಲ್ಟೇಜಿಗಾಗಿ ಇನ್ನೊಂದು ಎಲ್‌ಎಂ317. ಎಸ್‌ಜಿಎಸ್ ಸಂಸ್ಥೆಯ ಎಲ್200 ಇವೆರಡನ್ನೂ ಒಂದೇ ಐದು ಕಾಲಿನ ಐಸಿಯಲ್ಲಿ ಕೊಟ್ಟಿತು. ಅದರ ಸಂವೇದಿ ವೋಲ್ಟೇಜ್ 0.45.

7805ರಂಥ ಐಸಿಗೆ ಹೆಚ್ಚು ಪ್ರವಾಹಕ್ಕಾಗಿ ಹೊರಗಿನಿಂದ ಪಿಎನ್‌ಪಿ ಟ್ರಾನ್ಸಿಸ್ಟರ್ ಸೇರಿಸುವವರು ಸಾಮಾನ್ಯವಾಗಿ ಒಂದು ಸಂಗತಿಯನ್ನು ಮರೆಯುತ್ತಾರೆ. ಐಸಿಯ ಒಳಗಿನ ಮಿತಿ ಐಸಿಯನ್ನು ಮಾತ್ರ ಕಾಯುತ್ತದೆ. ಹೊರಗಿನ ಟ್ರಾನ್ಸಿಸ್ಟರಿನ ಎಮಿಟರಿಗೆ ಅದರದೇ ಸಂವೇದಿ ರೋಧಕವನ್ನೂ ಇನ್ನೊಂದು ಪಿಎನ್‌ಪಿ ಕಾವಲು ಟ್ರಾನ್ಸಿಸ್ಟರನ್ನೂ ಹಾಕದಿದ್ದರೆ ಮೊದಲ ಶಾರ್ಟಿಗೇ ಅದು ಹೋಗುತ್ತದೆ.

ಜೋಡಣೆಯ ಸೂಕ್ಷ್ಮಗಳು

ಮಿತಿ ಮಂಡಲವೂ ಒಂದು ಫೀಡ್‌ಬ್ಯಾಕ್ ಸುತ್ತು. ಮಿತಿಯಲ್ಲಿದ್ದಾಗ ಅದು ಆಂದೋಲನಕ್ಕೆ ತೊಡಗುವುದುಂಟು, ಡಾರ್ಲಿಂಗ್ಟನ್ ಜೋಡಿ ಇದ್ದರೆ ಇನ್ನೂ ಹೆಚ್ಚು. ಮಲ್ಟಿಮೀಟರ್ ಇದನ್ನು ತೋರಿಸುವುದಿಲ್ಲ, ಆಸಿಲೋಸ್ಕೋಪ್ ಬೇಕು. ಕಾವಲು ಟ್ರಾನ್ಸಿಸ್ಟರಿನ ಬೇಸ್‌ಗೆ ಸಾಲಾಗಿ 100 ಓಮ್ ಹಾಕುವುದು ಸಾಮಾನ್ಯ. ಶಾರ್ಟಿನ ಮೊದಲ ಗಳಿಗೆಯ ಹೊಡೆತದಿಂದ ಅದು ಆ ಟ್ರಾನ್ಸಿಸ್ಟರನ್ನೂ ಕಾಯುತ್ತದೆ. ಬೇಸನ್ನು ಆಪ್‌ಆಂಪ್ ನಡೆಸುತ್ತಿದ್ದರೆ ಆಪ್‌ಆಂಪಿಗೂ ಬೇಸಿಗೂ ನಡುವೆ ಒಂದು ರೋಧಕ ಇರಬೇಕು, ಇಲ್ಲವಾದರೆ ಕಾವಲು ಟ್ರಾನ್ಸಿಸ್ಟರ್ ಆಪ್‌ಆಂಪಿನೊಂದಿಗೆ ಹಗ್ಗಜಗ್ಗಾಟ ಆಡಬೇಕಾಗುತ್ತದೆ. ಓವರ್‌ಲೋಡ್ ಇರುವಷ್ಟು ಹೊತ್ತು ಆಪ್‌ಆಂಪ್ ತನ್ನ ಮೇಲಿನ ತುದಿಯಲ್ಲೇ ಸಿಕ್ಕಿಕೊಂಡಿರುವುದರಿಂದ, ಶಾರ್ಟ್ ಬಿಟ್ಟ ಕ್ಷಣದಲ್ಲಿ ಹೊರವೋಲ್ಟೇಜ್ ನಿಗದಿತ ಮಟ್ಟವನ್ನು ಸ್ವಲ್ಪ ಹೊತ್ತು ಮೀರಿ ಜಿಗಿಯಬಹುದು.

ಹೊರತುದಿಯ ಕೆಪಾಸಿಟರ್ ಮಿತಿ ಮಂಡಲದ ಆಚೆ ಇರುತ್ತದೆ ಎಂಬುದೂ ನೆನಪಿರಬೇಕು. 1000 ಮೈಕ್ರೋಫ್ಯಾರಡ್ ಇದ್ದರೆ 12 ವೋಲ್ಟಿನಲ್ಲಿ ಅದರಲ್ಲಿ 0.07 ಜೂಲ್ ಕೂಡಿರುತ್ತದೆ. ಶಾರ್ಟ್ ಆದರೆ ಅದಷ್ಟೂ ಯಾವ ಮಿತಿಗೂ ಸಿಗದೆ ಲೋಡಿಗೆ ಹರಿಯುತ್ತದೆ. ಮಿತಿಯನ್ನು 20 ಮಿಲಿಆಂಪಿಯರ್‌ಗೆ ಇಟ್ಟಿದ್ದರೂ ಎಲ್‌ಇಡಿ ಸುಡುವುದು ಹೀಗೆ. ಶುರುವಿನಲ್ಲಿ ಇದೇ ಕೆಪಾಸಿಟರ್ 1 ಆಂಪಿಯರಿನ ಮಿತಿಯಲ್ಲಿ ತುಂಬಲು 12 ಮಿಲಿಸೆಕೆಂಡ್ ಹಿಡಿಯುತ್ತದೆ.

ಪರೀಕ್ಷೆ

ಕಟ್ಟಿದ ಮಂಡಲವನ್ನು ನೇರವಾಗಿ ಶಾರ್ಟ್ ಮಾಡಿ ನೋಡುವುದು ಕೊನೆಯ ಹಂತ. ಮೊದಲು ಹೊರತುದಿಗೆ ರಿಯೊಸ್ಟಾಟ್, ಆಂಪಿಯರ್ ಮೀಟರ್, ವೋಲ್ಟ್‌ಮೀಟರ್ ಜೋಡಿಸಿ ಲೋಡನ್ನು ಮೆಲ್ಲಗೆ ಹೆಚ್ಚಿಸುತ್ತ ಪ್ರತಿ ಹಂತದಲ್ಲೂ ಎರಡೂ ಓದುಗಳನ್ನು ಬರೆದುಕೊಂಡು ನಕ್ಷೆ ಎಳೆಯುತ್ತಾರೆ. ಸ್ಥಿರ ಮಿತಿಯಲ್ಲಿ ಗೆರೆ ಮಿತಿಯ ಬಳಿ ನೆಟ್ಟಗೆ ಕೆಳಗಿಳಿಯುತ್ತದೆ. ಹಿಂಮಡಿಕೆಯಲ್ಲಿ ಮೂಗಿನಂತೆ ಮುಂದೆ ಚಾಚಿ ಹಿಂದಕ್ಕೆ ವಾಲುತ್ತದೆ. ಆಮೇಲೆ ಶಾರ್ಟ್ ಮಾಡಿ, ಹೀಟ್ ಸಿಂಕ್‌ನ ತಾಪ ಏರುವುದು ನಿಲ್ಲುವವರೆಗೆ ಬಿಡಬೇಕು. ಅರ್ಧ ನಿಮಿಷ ಶಾರ್ಟ್ ತಾಳಿತು ಎಂಬುದಕ್ಕೆ ಅರ್ಥವಿಲ್ಲ, ಏಕೆಂದರೆ ಸಾಧಾರಣ ಹೀಟ್ ಸಿಂಕ್ ಪೂರ್ತಿ ಕಾಯಲು ಹಲವು ನಿಮಿಷ ಬೇಕು. ಹಿಂಮಡಿಕೆಯ ಮಂಡಲವನ್ನು ನಡುವಿನ ಓವರ್‌ಲೋಡಿನಲ್ಲೂ ಅಷ್ಟೇ ಹೊತ್ತು ಇಟ್ಟು ನೋಡಬೇಕು.

ಇಂದಿನ ಸ್ಥಿತಿ

ದೊಡ್ಡ ಪ್ರವಾಹದ ಕೆಲಸವನ್ನು ಈಗ ಸ್ವಿಚಿಂಗ್ ಸಪ್ಲೈಗಳು ವಹಿಸಿಕೊಂಡಿವೆ. ಸದ್ದಿಲ್ಲದ ವೋಲ್ಟೇಜ್ ಬೇಕಾದ ಆಡಿಯೊ, ಮಾಪನ ಮತ್ತು ರೇಡಿಯೊ ಉಪಕರಣಗಳಲ್ಲಿ, ಪ್ರಯೋಗಾಲಯದ ಸಪ್ಲೈಗಳಲ್ಲಿ, ಮೊಬೈಲ್ ಫೋನಿನೊಳಗಿನ ಪುಟ್ಟ ರೆಗ್ಯುಲೇಟರುಗಳಲ್ಲಿ ಲೀನಿಯರ್ ಮಂಡಲ ಉಳಿದುಕೊಂಡಿದೆ. ಒಳಹೊರಗಿನ ಅಂತರ ಕೆಲವು ನೂರು ಮಿಲಿವೋಲ್ಟ್ ಮಾತ್ರ ಇರುವ ಇಂದಿನ ಐಸಿಗಳಲ್ಲಿ ಸಂವೇದಿ ರೋಧಕಕ್ಕೆ 0.65 ವೋಲ್ಟ್ ಬಿಟ್ಟುಕೊಡುವುದು ಸಾಧ್ಯವಿಲ್ಲ. ಸರಣಿ ಟ್ರಾನ್ಸಿಸ್ಟರಿನ ಪಕ್ಕದಲ್ಲೇ ಅದರ ಒಂದು ಸಣ್ಣ ಪ್ರತಿಯನ್ನು ಕೆತ್ತಿ, ಮೂಲ ಪ್ರವಾಹದ ನಿಗದಿತ ಅಲ್ಪ ಪಾಲು ಮಾತ್ರ ಅದರಲ್ಲಿ ಹರಿಯುವಂತೆ ಮಾಡಿ, ಆ ಪಾಲನ್ನು ಅಳೆಯುವ ವಿಧಾನ ಅಲ್ಲಿ ಬಳಕೆಯಲ್ಲಿದೆ.

ಯಾವ ಬಗೆಯ ಪ್ರವಾಹ ಮಿತಿಯಾದರೂ ಅದು ಕಾಯುವುದು ಸರಣಿ ಟ್ರಾನ್ಸಿಸ್ಟರನ್ನು. ಬೇರೆ ಯಾವುದೋ ಕಾರಣಕ್ಕೆ ಆ ಟ್ರಾನ್ಸಿಸ್ಟರೇ ಶಾರ್ಟ್ ಆದರೆ ಕಾವಲು ಟ್ರಾನ್ಸಿಸ್ಟರಿಗೆ ಕಸಿದುಕೊಳ್ಳಲು ಬೇಸ್ ಪ್ರವಾಹವೇ ಇರುವುದಿಲ್ಲ, 20 ವೋಲ್ಟೂ ಲೋಡಿಗೆ ಹೋಗುತ್ತದೆ. ಆಗ ಉಪಕರಣವನ್ನು ಉಳಿಸುವುದು ಹೊರತುದಿಗೆ ಅಡ್ಡಲಾಗಿ ಹಾಕಿದ ಎಸ್‌ಸಿಆರ್ ಮತ್ತು ಅದರ ಹಿಂದಿನ ಫ್ಯೂಸ್. ವೋಲ್ಟೇಜ್ ಮಿತಿಮೀರಿದೊಡನೆ ಎಸ್‌ಸಿಆರ್ ಹೊರತುದಿಯನ್ನು ತಾನೇ ಶಾರ್ಟ್ ಮಾಡುತ್ತದೆ, ಫ್ಯೂಸ್ ಹಾರುತ್ತದೆ.